ಜೇನುನೊಣದ ಮೊಣಕಾಲು

ಸ್ಟೀಲಿನ ಟಿಫಿನ್ ಡಬ್ಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೊಟ್ರಬಸಮ್ಮ ಗಲಗಲ ಅಲ್ಲಾಡಿಸುತ್ತಿದ್ದಳು. ಒಳಗೆ ಐಸು ಕುಣಿಯುವ ಸದ್ದಿಗೆ ಎದುರು ಮನೆಯ ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು, ಮೈ ಕೊಡವಿ, ಬೇರೆ ಓಣಿಗೆ ಹೋಯಿತು.

“ಸಾಕು ಬಿಡಕ್ಕಾ, ರಟ್ಟಿ ಕಳಚಿ ಬೀಳ್ತಾವು,” ಎಂದ ತಿಪ್ಪೇಸ್ವಾಮಿ.

“ರಟ್ಟಿ ನನ್ವು. ನೀ ಸುಮ್ಕ ಕುಂದ್ರು.”

ಕೊಟ್ರಬಸಮ್ಮ ಡಬ್ಬಿಯ ಮುಚ್ಚಳ ತೆಗೆದಳು. ತಮ್ಮನೂ ಬಗ್ಗಿ ನೋಡಿದ. ಜಿನ್ನು ಎಂಬ ಸೆರೆ ಒಂದು ಕಡೆ, ನಿಂಬೆರಸ ಒಂದು ಕಡೆ. ಜೇನುತುಪ್ಪ ಮಾತ್ರ ಐಸಿಗೆ ಅಂಟಿಕೊಂಡು ಕುರುಗೋಡಿನ ಗುಡ್ಡದ ಕಲ್ಲಿನ ಹಾಗೆ ಕೂತುಬಿಟ್ಟಿತ್ತು.

ಮೆಟ್ಟಿಲ ಮೇಲೆ ಕೂತಿದ್ದ ಮೌನಿಕಾ ಮೂರು ದಿನದಲ್ಲಿ ಮೊದಲ ಸಲ ನಕ್ಕಳು.

“ಅಕ್ಕಾರ, ಜೇನು ಹಂಗ ಸುರುವಿದ್ರ ಐಸ್ ಕಂಡ ಕೂಡ್ಲೆ ಮುನಿಸ್ಕೊಂತೈತ್ರಿ. ಮೊದ್ಲು ಬೆಚ್ಚನ ನೀರಾಗ ಕರಗಿಸಿ, ಆರಿಸಿ, ಆಮ್ಯಾಲ ಹಾಕ್ಬೇಕು.”

“ಹಂಗಾರ ನೀನ ಮಾಡು. ನಾ ನೋಡ್ತೀನಿ. ಅವತ್ತು ಸಿರುಗುಪ್ಪದಾಗ ಹೆಂಗ ಮಾಡಿದ್ಯೋ ಹಂಗ. ಒಂದು ಚಮಚ ಆಕಡಿ ಈಕಡಿ ಆಗ್ಬಾರ್ದು.”

ಕೊಟ್ರಬಸಮ್ಮ ಪೊಲೀಸಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಬಳ್ಳಾರಿಯ ಕೌಲ್ ಬಜಾರಿನ ತನ್ನ ಮನೆಯ ಮುಂದೆ ‘ಇಲ್ಲಿ ಪತ್ತೆ ಕೆಲಸ ಮಾಡಿಕೊಡಲಾಗುತ್ತದೆ’ ಎಂದು ಬೋರ್ಡು ಹಾಕಿಕೊಂಡಿದ್ದಾಳೆ. ತಮ್ಮ ತಿಪ್ಪೇಸ್ವಾಮಿ ಅವಳ ಜೀಪು ಓಡಿಸುತ್ತಾನೆ. ಅವಳು ಪತ್ತೆ ಮಾಡಿದ್ದರಲ್ಲಿ ಅರ್ಧ ತಾನೇ ಮಾಡಿದ್ದು ಎಂದು ಅವನ ನಂಬಿಕೆ. ಉಳಿದರ್ಧವನ್ನೂ ಚಹಾದಂಗಡಿಯಲ್ಲಿ ತನ್ನ ಹೆಸರಿಗೇ ಬರೆದುಕೊಂಡಿದ್ದಾನೆ.

ಕುರುಗೋಡಿನ ಈ ಹುಡುಗಿ ಮೌನಿಕಾ ಹೈದರಾಬಾದಿನ ಹೋಟೆಲೊಂದರಲ್ಲಿ ಪಾನೀಯ ಬೆರೆಸುವ ಕೆಲಸ ಕಲಿತು ಬಂದವಳು. ಬಳ್ಳಾರಿಯಲ್ಲಿ ಹೊಸದಾಗಿ ಎದ್ದಿರುವ ಹೋಟೆಲಿನ ಕೌಂಟರಿಗೆ ಬರುವ ಸೋಮವಾರದಿಂದ ಅವಳೇ ಮುಖ್ಯಸ್ಥೆ. ಆದರೆ ಸಿರುಗುಪ್ಪದ ಅಕ್ಕಿ ಗಿರಣಿ ಮಾಲೀಕ ಚಂದ್ರಣ್ಣ, ‘ಭಾನುವಾರ ನಮ್ಮನೆಯಲ್ಲಿ ಈ ಹುಡುಗಿ ಮಾಡಿಕೊಟ್ಟದ್ದು ಕುಡಿದು ಎಚ್ಚರ ತಪ್ಪಿದೆ, ನನ್ನ ತಿಜೋರಿಯಲ್ಲಿದ್ದ ಬೀಜದ ಭತ್ತ ಕಳುವಾಯಿತು’ ಎನ್ನುತ್ತಿದ್ದಾನೆ. ಇವತ್ತು ಸಂಜೆ ಠಾಣೆಗೆ ಹೋಗುತ್ತೇನೆ ಎಂದಿದ್ದಾನೆ. ಕುಡಿಯುವುದರಲ್ಲಿ ಮತ್ತೇನೋ ಬೆರೆಸಿದಳು ಎಂದು ಒಮ್ಮೆ ಹೆಸರು ಬಂದರೆ ಮುಗಿಯಿತು. ಯಾವ ಹೋಟೆಲಿನವರೂ ಗ್ಲಾಸು ತೊಳೆಯಲಿಕ್ಕೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಮೌನಿಕಾ ಜೇನನ್ನು ಬೆಚ್ಚಗಿನ ನೀರಲ್ಲಿ ಕರಗಿಸಿದಳು. ನಿಂಬೆಹಣ್ಣು ಹಿಂಡಿದಳು. ಜಿನ್ನು ಅಳೆದು ಸುರಿದು, ಐಸು ತುಂಬಿ, ಡಬ್ಬಿಯನ್ನು ಹೆಗಲ ಮೇಲಕ್ಕೆ ಎತ್ತಿ ಅಲ್ಲಾಡಿಸಿದಳು. ಬಳ್ಳಾರಿಯ ಬಿಸಿಲಲ್ಲಿ ಡಬ್ಬಿಯ ಮೈಮೇಲೆ ಮಂಜು ಕಟ್ಟಿತು. ಚಹಾ ಸೋಸುವ ಜರಡಿ ಹಿಡಿದು ಗ್ಲಾಸಿಗೆ ಬಗ್ಗಿಸಿದರೆ ಬಂದದ್ದು ಎಳೆ ಬಿಸಿಲಿನ ಬಣ್ಣ. ಮೇಲೆ ನಿಂಬೆ ಸಿಪ್ಪೆಯೊಂದನ್ನು ಹಿಂಡಿ ತೇಲಿಬಿಟ್ಟಳು.

“ಇದ್ರ ಹೆಸರೇನಂದಿ?”

“ಬೀಸ್ ನೀಸ್ ಅಂತಾರ್ರಿ. ಜೇನುನೊಣದ ಮೊಣಕಾಲು ಅಂತ ಅರ್ಥ.”

ಕೊಟ್ರಬಸಮ್ಮ ತನ್ನ ಎರಡೂ ಮೊಣಕಾಲನ್ನು ಮುಟ್ಟಿಕೊಂಡಳು. “ನೊಣದ ಮೊಣಕಾಲಿಗೆ ಇಷ್ಟು ಮರ್ಯಾದಿ. ನನ್ನ ಮೊಣಕಾಲಿಗೆ ಎಣ್ಣಿ ಹಚ್ಚಾಕೂ ಒಬ್ರಿಲ್ಲ.”

“ನೂರು ವರ್ಷದ ಹಿಂದ ಅಮೆರಿಕಾದಾಗ ಸೆರೆ ಬಂದ್ ಮಾಡಿದ್ರಂತ್ರಿ. ಕುಡಿಯೋರು ಬಿಡ್ತಾರೇನು? ಮನಿ ಮನ್ಯಾಗ ಕದ್ದು ಜಿನ್ನು ಮಾಡಿದ್ರು. ಅದು ಗಬ್ಬು ನಾತ. ಆ ನಾತ ಮುಚ್ಚಾಕ ಜೇನು, ನಿಂಬಿ ಹಾಕಿದ್ರು. ಹಂಗ ಹುಟ್ಟಿದ್ದಿದು.”

“ಅದ ನಿನ್ನ ಕುತ್ತಿಗಿಗೆ ಬಂದೈತಿ ನೋಡು,” ಎಂದಳು ಕೊಟ್ರಬಸಮ್ಮ. “ನಾತ ಮುಚ್ಚೋದು ನಿದ್ದಿ ಗುಳಿಗಿ ರುಚಿ ಮುಚ್ಚಂಗಿಲ್ಲೇನು ಅಂತ ಕೇಳಾಕತ್ತಾನ ಚಂದ್ರಣ್ಣ. ಕೇಳಿದ್ರ ಯಾರಿಗಾದ್ರೂ ಖರೇ ಅನಸ್ತೈತಿ.”

ಮೌನಿಕಾಳ ನಗು ಆರಿಹೋಯಿತು.

ಈ ಮಾತಿನ ನಡುವೆ ತಿಪ್ಪೇಸ್ವಾಮಿ ಮೆಲ್ಲಗೆ ಗ್ಲಾಸಿಗೆ ಕೈ ಹಾಕಿದ್ದ. ಉಂಗುರದ ಬೆರಳು ಅದ್ದಿ ನೆಲಕ್ಕೆ ಮೂರು ಹನಿ ಚಿಮುಕಿಸಿ, ಕಣ್ಣು ಮುಚ್ಚಿ, ತುಟಿಯ ಹತ್ತಿರ ತಂದ. ಗ್ಲಾಸು ಕೈಯಿಂದ ಮಾಯವಾಯಿತು.

“ಜೀಪ್ ಓಡ್ಸಾವ ನೀನು,” ಎಂದು ಅಕ್ಕ ಗ್ಲಾಸನ್ನು ಕಿಟಕಿಯ ಮೇಲಿಟ್ಟಳು. ಆಮೇಲೆ ನೆಲ ನೋಡಿದಳು. “ತಿಪ್ಪ್ಯಾ, ಹನಿ ಯಾಕ ಚಿಮುಕಿಸಿದಿ?”

“ಯಾಕಂದ್ರ? ನಮ್ಮಪ್ಪ ಚಿಮುಕಿಸ್ತಿದ್ದ. ಭೂಮ್ತಾಯಿಗೆ, ಹೋದ ಹಿರ್ಯಾರಿಗೆ.”

“ಮಾಡ್ಲಿಲ್ಲಂದ್ರ?”

“ಗಂಟಲದಾಗ ಇಳಿಯಂಗಿಲ್ಲಕ್ಕಾ. ಕೈ ತಾನ ಹೋಗ್ತೈತಿ. ಕೆಮ್ಮಿನ ಔಷಧಿ ಕುಡಿವಾಗ್ಲೂ ಹೋಗ್ತೈತಿ.”

ಕೊಟ್ರಬಸಮ್ಮ ಬಗ್ಗಿ ಆ ಮೂರು ಹನಿಗಳನ್ನು ಒಂದೊಂದಾಗಿ ನೋಡಿದಳು. ಕೊನೆಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದಳು.

“ಜೀಪ್ ತಗಿ. ಐಸ್ ಡಬ್ಬಿ ತುಂಬಿಕೋ.”

ದಾರಿಯುದ್ದಕ್ಕೂ ತಿಪ್ಪೇಸ್ವಾಮಿ ಮೌನಿಕಾಳಿಗೆ ಧೈರ್ಯ ತುಂಬಿದ. ಅವನಿಗೆ ಗೊತ್ತಿದ್ದ ಧೈರ್ಯ ಎಂದರೆ ಕಥೆ.

“ಹ್ವಾದ ಬ್ಯಾಸಗ್ಯಾಗ ಇದ ಬಾನೆಟ್ಟಿನ ಮ್ಯಾಲ ಒಂದು ತತ್ತಿ ಇಟ್ಟು ಬಳ್ಳಾರಿ ಬಿಟ್ಟೆ ತಂಗೀ. ಆಮ್ಲೆಟ್ ಆಗ್ಲಿ ಅಂತ. ಸಿರುಗುಪ್ಪ ಮುಟ್ಟೋದ್ರಾಗ ಕೋಳಿಮರಿ ಆಗಿ, ಇಳ್ದು, ಟಿಕೆಟ್ ಎಷ್ಟಪ್ಪಾ ಅಂತ ಕೇಳ್ತು.”

“ನೀನೇನಂದಿ?” ಎಂದು ಕೇಳಿದಳು ಅಕ್ಕ.

“ಅರ್ಧ ಟಿಕೆಟ್ ಅಂದೆ. ಸಣ್ಣದಲ್ಲೇನು!”

ಕುರುಗೋಡಿನಲ್ಲಿ ಬಂಡೆಗುಡ್ಡದ ನೆರಳಿನ ಓಣಿಯಿಂದ ಮೌನಿಕಾಳ ಅಪ್ಪ ರಂಗಣ್ಣನನ್ನು ಹತ್ತಿಸಿಕೊಂಡರು. ರಂಗಣ್ಣ ಬಣ್ಣ ಹಚ್ಚುವವನು. ಹೋದ ತಿಂಗಳು ಚಂದ್ರಣ್ಣನ ಮನೆಗೆ ಬಣ್ಣ ಹಚ್ಚಿದ್ದು ಅವನೇ. ಆ ಪರಿಚಯದಿಂದಲೇ, ಚಂದ್ರಣ್ಣನ ಲಗ್ನದ ವಾರ್ಷಿಕೋತ್ಸವಕ್ಕೆ ಭಾನುವಾರ ಮಗಳಿಗೂ ಕರೆ ಬಂದದ್ದು. ಗುಲ್ಲು ಎದ್ದ ಮರುದಿನವೇ ಬಳ್ಳಾರಿಗೆ ಓಡಿ ಬಂದು ‘ನನ್ನ ಮಗಳ ಹೆಸರು ಉಳಿಸ್ರಿ’ ಎಂದು ಕೊಟ್ರಬಸಮ್ಮನ ಕಾಲು ಹಿಡಿದವನೂ ಅವನೇ.

ಇವತ್ತು ಮಾತ್ರ ಅವನಿಗೆ ಉತ್ಸಾಹ ಇರಲಿಲ್ಲ. ಉಗುರಿಗೆ ಅಂಟಿದ ಒಣ ಬಣ್ಣ ಕೆರೆಯುತ್ತ ಕೂತಿದ್ದ.

“ನಾ ಒಳಗ ಬರಂಗಿಲ್ರಿ ಅಕ್ಕಾರ. ಜೀಪಿನ್ಯಾಗ ಇರ್ತೀನಿ.”

“ಯಾಕೋ ರಂಗಣ್ಣ? ನೀ ಬಣ್ಣ ಹಚ್ಚಿದ ಮನಿ, ನೋಡಾಕ ಮನಸಿಲ್ಲೇನು? ಐಸ್ ಡಬ್ಬಿ ಯಾರು ಹೊರ್ತಾರ? ನಾನಾ?”

ರಂಗಣ್ಣ ಐಸ್ ಡಬ್ಬಿಯನ್ನು ತೊಡೆಯ ಮೇಲೆ ಎಳೆದುಕೊಂಡ.

ಸಿರುಗುಪ್ಪದ ಹತ್ತಿರ ರಸ್ತೆಯ ಎರಡೂ ಕಡೆ ಖಾಲಿ ಗದ್ದೆ. ಕಾಲುವೆಗೆ ನೀರು ಬಿಡುವುದನ್ನೇ ಕಾಯುತ್ತ ಮಣ್ಣು ಬಾಯಿ ತೆರೆದುಕೊಂಡಿತ್ತು. ಚಂದ್ರಣ್ಣನ ಎರಡಂತಸ್ತಿನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ತಿಪ್ಪೇಸ್ವಾಮಿ ಒಂದು ಜೊತೆ ಬೂಟು ನೋಡಿದ. ಮುಖ ನೋಡಿಕೊಂಡು ಮೀಸೆ ತಿದ್ದಬಹುದು, ಅಷ್ಟು ಮಿಂಚು. ಅವನು ತಿದ್ದಿಯೂ ತಿದ್ದಿದ. ಒಳಗಿನ ಕೋಣೆಯಿಂದ ಎಲೆಗೆ ಸಾರು ಬಡಿಸುವ ಘಮ ಬಂತು.

“ಬೀಗರೇನ್ರಿ ಊಟಕ್ಕ?” ಎಂದು ಕೇಳಿದ.

“ಗಿರಣಿ ಗಿರಾಕಿ,” ಎಂದು ಚಂದ್ರಣ್ಣ ಮೊಟಕಾಗಿ ಹೇಳಿ ಮೆಟ್ಟಿಲು ಹತ್ತಿದ. ಹಣೆ ತುಂಬ ವಿಭೂತಿ, ಮುಖದ ತುಂಬ ಸಿಟ್ಟು.

ಮೇಲಿನ ಕೋಣೆಯ ಬಾಗಿಲ ಮುಂದೆ ದೇಶನೂರಿನ ದೊಡ್ಡಬಸಪ್ಪಜ್ಜ ಆಗಲೇ ಬಂದು ಕೂತಿದ್ದ. ಕಳುವಾದ ಭತ್ತ ಆತನದು. ಹನ್ನೆರಡು ಬೆಳೆ ಆರಿಸಿ ಆರಿಸಿ ಎತ್ತಿದ ತಳಿ. ತೆನೆ ಕಟ್ಟುವ ಮೊದಲೇ ಗರಿಯೇ ಘಮ್ ಎನ್ನುತ್ತಿತ್ತಂತೆ. ಮನೆಯಲ್ಲಿ ಇಲಿ ಕಾಟ ಎಂದು ಒಂದು ಸ್ಟೀಲಿನ ಡಬ್ಬಿ ತುಂಬ ಬೀಜ ತಂದು ಗೆಳೆಯನ ಮಗ ಚಂದ್ರಣ್ಣನ ತಿಜೋರಿಯಲ್ಲಿ ಇಟ್ಟಿದ್ದ. ಲೋಕದಲ್ಲಿ ಆ ಬೀಜ ಇದ್ದದ್ದು ಆ ಡಬ್ಬಿಯಲ್ಲಿ ಮಾತ್ರ.

ಚಂದ್ರಣ್ಣ ತನ್ನ ಉಡಿದಾರದಲ್ಲಿದ್ದ ಕೀಲಿಯಿಂದ ಕೋಣೆಯ ಬೀಗ ತೆಗೆದು ಎಲ್ಲರನ್ನೂ ಒಳಗೆ ಬಿಟ್ಟು, ಅಲ್ಲಿದ್ದ ತಿಜೋರಿಯನ್ನೂ ತೆರೆದು ಡಬ್ಬಿ ತೋರಿಸಿದ.

“ನೋಡ್ರಿ, ಡಬ್ಬಿ ಐತಿ, ಒಳಗಿಂದು ಬ್ಯಾರೆ. ಅಂಗಡ್ಯಾಗ ಸಿಗೋ ಮಾಮೂಲಿ ನೆಲ್ಲು. ಅವತ್ತು ಎಲ್ಲಾರೂ ಊಟಕ್ಕ ಇಳಿದ್ರು. ನಾ ಈ ಮಂಚದ ಮ್ಯಾಲ ಕುಂತು ಇಕಿ ಕೊಟ್ಟಿದ್ದನ್ನ ಒಂದ ಗುಟುಕಿಗೆ ಕುಡಿದೆ. ಕಣ್ಣು ಕತ್ತಲಿ ಬಂತು. ಎದ್ದು ನೋಡಿದ್ರ ಕೀಲಿ ನೆಲದ ಮ್ಯಾಲ.”

“ನಾ ಏನೂ ಹಾಕಿಲ್ರಿ,” ಎಂದಳು ಮೌನಿಕಾ. “ಬಾಟ್ಲಿ ನಿಮ್ದು, ಜೇನು ನಿಮ್ಮನಿಯಾವ್ರು ಶೀಲಕ್ಕ ಕೊಟ್ಟಿದ್ದು.”

“ಸುಮ್ನಿರು! ನಾತ ಮುಚ್ಚಾಕ ಹುಟ್ಟಿದ್ದು ಅಂತ ನೀನ ಎಲ್ಲರ ಮುಂದ ಹೇಳಿ ನಗಿಸಿದಿ!”

ಕೊಟ್ರಬಸಮ್ಮ ಯಾರ ಮಾತಿಗೂ ಕಿವಿಗೊಡಲಿಲ್ಲ. ಗೋಡೆಗೆ ಬದನೆಹೂವಿನ ಬಣ್ಣ ಹೊಸದಾಗಿ ಹೊಳೆಯುತ್ತಿತ್ತು. ಆ ಮನೆಯಲ್ಲಿ ಹೆಂಡ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಅದಕ್ಕೇ ಬೆರೆಸುವುದು, ಕುಡಿಯುವುದು ಎಲ್ಲ ಇಲ್ಲಿಯೇ ನಡೆದಿತ್ತು. ಅವಳು ಮಂಚದ ಕೆಳಗೆ ಟಾರ್ಚು ಹಿಡಿದಳು. ನೆಲ ಪೂರ್ತಿ ನೋಡಿದಳು. ಕಿಟಕಿಯ ಹತ್ತಿರ ಬಂಗಾರದ ಕಾಗದ ಸುತ್ತಿದ ಒಂದು ಗಿಡದ ಕುಂಡ ಇತ್ತು. ಅಲ್ಲಿ ನಿಂತವಳು ‘ಹೂಂ’ ಎಂದಳು. ಆ ‘ಹೂಂ’ ತಿಪ್ಪೇಸ್ವಾಮಿಗೆ ಗೊತ್ತು. ಅದು ಬಂದಾಗಲೆಲ್ಲ ಯಾರೋ ಒಬ್ಬರ ನಿದ್ದೆ ಕೆಟ್ಟಿದೆ.

“ಭಾನುವಾರದಿಂದ ಈ ಕೋಣಿ ಯಾರು ಕಸ ಹೊಡೆದಾರ?”

“ಯಾರೂ ಇಲ್ಲ. ಪೊಲೀಸ್ರು ನೋಡ್ಲಿ ಅಂತ ನಾನ ಬೀಗ ಹಾಕೀನಿ.”

“ಶಾಣ್ಯಾ ಕೆಲಸ. ಮೌನಿಕಾ, ಮತ್ತೊಮ್ಮೆ ಮಾಡವ್ವಾ. ಎರಡು ಗ್ಲಾಸು. ರಂಗಣ್ಣಾ, ಐಸ್ ತಾ.”

ರಂಗಣ್ಣ ಐಸ್ ಡಬ್ಬಿ ತಂದಿಟ್ಟು ಹೊಸ್ತಿಲ ಆಚೆಗೇ ನಿಂತ. ಅದೇ ಬಾಟ್ಲಿ, ಅದೇ ಜೇನು. ಚಂದ್ರಣ್ಣನ ಹೆಂಡತಿ ಶೀಲಾ ಕೆಳಗಿನಿಂದ ಬೆಚ್ಚನೆ ನೀರು ತಂದು ಕೊಟ್ಟು ಬಾಗಿಲಿಗೆ ಒರಗಿದಳು. ಡಬ್ಬಿ ಅಲ್ಲಾಡಿಸಲು ಶುರು ಮಾಡಿದ ಮೇಲೆ ಮೌನಿಕಾಳ ಕೈ ತನ್ನ ಕೆಲಸದ ಲಯ ಹಿಡಿಯಿತು.

“ಕುಡೀರಿ ಚಂದ್ರಣ್ಣಾರ. ಅವತ್ತಿನಂಗ.”

“ಮತ್ತ ಏನರ ಹಾಕಿದ್ರ?”

ಮೌನಿಕಾ ತನ್ನ ಗ್ಲಾಸಿನಿಂದ ಒಂದು ಗುಟುಕು ಕುಡಿದಳು. ಆಮೇಲೆ ಅವನ ಗ್ಲಾಸಿನಿಂದಲೂ ಒಂದು ಗುಟುಕು ಕುಡಿದು, ಅಂಚು ಒರೆಸಿ ಮುಂದಿಟ್ಟಳು. ದೊಡ್ಡಬಸಪ್ಪಜ್ಜ ಹುಬ್ಬು ಎತ್ತಿದ.

ಚಂದ್ರಣ್ಣನಿಗೆ ಬೇರೆ ದಾರಿ ಇರಲಿಲ್ಲ. ಮಂಚದ ಮೇಲೆ ಕೂತ. ಗ್ಲಾಸು ತೆಗೆದುಕೊಂಡ. “ನಂದೇನೈತಿ, ಕುಡೀತೀನಿ. ಆದ್ರ ನಂಗೇನರ ಆದ್ರ ಈ ಅಜ್ಜ ಸಾಕ್ಷಿ...” ಎನ್ನುತ್ತಿರುವಾಗಲೇ ಅವನ ಉಂಗುರದ ಬೆರಳು ಗ್ಲಾಸಿಗೆ ಇಳಿಯಿತು. ನೆಲಕ್ಕೆ ಒಂದು ಹನಿ. ಇನ್ನೊಂದು. ಮತ್ತೊಂದು.

“ನಿಂದ್ರಿ,” ಎಂದಳು ಕೊಟ್ರಬಸಮ್ಮ. “ಗ್ಲಾಸ್ ಕೆಳಗಿಡ್ರಿ. ಶೀಲಮ್ಮಾ, ಒಂದು ಎಲಿ ಅಡಿಕಿ ಕೊಡವ್ವಾ.”

ಅವಳು ಎಲೆಗೆ ಸುಣ್ಣ ಹಚ್ಚಿ, ಮಡಿಚಿ, ಬಾಯಿಗಿಟ್ಟು ನಿಧಾನ ಅಗಿಯತೊಡಗಿದಳು. ತಿಪ್ಪೇಸ್ವಾಮಿಗೆ ಮೌನ ಎಂದರೆ ತುರಿಕೆ.

“ನಮ್ಮಜ್ಜ ಒಂದ್ಸಲ ಹಚ್ಚೊಳ್ಳಿಗೆ ಬೆಲ್ಲದ ಬಂಡಿ ಹೊಡಕೊಂಡು ಹೊಂಟಿದ್ದ,” ಎಂದು ಶುರು ಮಾಡಿದ. “ನಡುವ ನಿದ್ದಿ ಹತ್ತಿತು. ಎದ್ದು ನೋಡ್ತಾನ, ಎತ್ತು ಎರಡೂ ಬಂಡಿ ಮ್ಯಾಲ ಮಲಗ್ಯಾವ, ಬಂಡಿ ತಾನ ಹೊಂಟೈತಿ. ಬಗ್ಗಿ ನೋಡಿದ್ರ ಕೆಳಗ ಇರಿವಿ! ಊರು ಮುಟ್ಟಿಸಿ, ಬೆಲ್ಲ ಇಳಿಸ್ಕೊಂಡು, ಎತ್ತಿಗೆ ನೀರೂ ಕುಡಿಸಿ ಹ್ವಾದ್ವಂತ.”

“ಇದೇನ್ರಿ ಹುಚ್ಚಾಟ!” ಎಂದು ಚಂದ್ರಣ್ಣ ಸಿಡುಕಿದ.

“ಹುಚ್ಚಾಟ ಅಲ್ರಿ. ನೆಲ ನೋಡ್ರಿ,” ಎಂದಳು ಕೊಟ್ರಬಸಮ್ಮ.

ಗೋಡೆಯ ಬಿರುಕಿನಿಂದ ಒಂದು ಕೆಂಪಿರುವೆ ಬಂತು. ಅದರ ಹಿಂದೆ ಅದರ ಬಳಗ. ಎಲೆಯ ರಸ ಇನ್ನೂ ಕೊಟ್ರಬಸಮ್ಮನ ಬಾಯಲ್ಲಿದ್ದಾಗಲೇ ಮೂರೂ ಹನಿಗಳ ಸುತ್ತ ಇರುವೆ ಮುತ್ತಿದ್ದವು.

“ಜೇನಲ್ಲೇನು, ಬಿಡ್ತಾವೇನು? ಚಂದ್ರಣ್ಣಾರ, ಭಾನುವಾರ ನೀವು ಇಲ್ಲೇ ಕುಂತು ಕುಡಿದಿದ್ರ ಇಲ್ಲೇ ಮೂರು ಹನಿ ಬೀಳ್ತಿದ್ವು. ಕಸ ಹೊಡೆದಿಲ್ಲ, ನೆಲ ಒರೆಸಿಲ್ಲ. ನಾ ಬಂದಾಗ ಇಲ್ಲಿ ಒಂದ ಒಂದು ಇರಿವಿ ಇರ್ಲಿಲ್ಲ.”

“ಅವತ್ತು... ಅವತ್ತು ಚಿಮುಕಿಸಿರ್ಲಿಲ್ಲ. ಮರ್ತಿದ್ದೆ.”

ಬಾಗಿಲಲ್ಲಿ ಶೀಲಾ ಫಕ್ಕನೆ ನಕ್ಕಳು. “ಮರೀತಾರಂತ! ಲಗ್ನದಾಗ ಕೊಟ್ಟ ಬಾದಾಮಿ ಹಾಲಿಗೂ ಬೆರಳು ಅದ್ದಿ ನನ್ನ ರೇಷ್ಮಿ ಸೀರಿ ಮ್ಯಾಲ ಚಿಮುಕಿಸಿದಾವ್ರು. ಕಲಿ ಇನ್ನೂ ಐತಿ, ತೋರಿಸ್ಲೇನು?”

“ನೀ ಒಳಗ ಹೋಗು!”

“ಇದ ಒಳಗ.”

ಕೊಟ್ರಬಸಮ್ಮ ಕಿಟಕಿಯ ಕಡೆ ಕೈ ಮಾಡಿದಳು. “ಅಲ್ಲಿ ಕುಂಡದಾಗ ನೋಡ್ರಿ. ಇರಿವಿ ದಿಬ್ಬಣ ಹೊಂಟೈತಿ. ಒಂದು ಗ್ಲಾಸ್ ಪೂರಾ ಆ ಮಣ್ಣು ಕುಡಿದೈತಿ. ಕುಡಿಯಾಕಲ್ಲ, ಚೆಲ್ಲಾಕ ಹೋದ್ರಿ. ಅದಕ್ಕ ಬೆರಳು ಅದ್ದೋದು ನೆನಪಾಗ್ಲಿಲ್ಲ. ಕುಡೀದವರಿಗೆ ಕಣ್ಣು ಕತ್ತಲಿ ಹೆಂಗ ಬರ್ತೈತಿ?”

ತಿಪ್ಪೇಸ್ವಾಮಿ ಆಮೇಲೆ ಚಹಾದಂಗಡಿಯಲ್ಲಿ ಹೇಳಿದ ಪ್ರಕಾರ ಚಂದ್ರಣ್ಣ ಅಲ್ಲಿಯೇ ಅರ್ಧ ಆದ. ನಿಜ ಹೇಳಬೇಕೆಂದರೆ ಹೆಗಲು ಮಾತ್ರ ಇಳಿದವು.

“ನಾ ಕದ್ದಿಲ್ಲಜ್ಜಾ,” ಎಂದ ದೊಡ್ಡಬಸಪ್ಪಜ್ಜನ ಕಡೆ ತಿರುಗಿ. “ನಿನ್ನಾಣಿ. ಒಬ್ಬ ಬೀಜದ ಕಂಪನಿಯಾವ ಕೇಳಿದ್ದ. ಒಂದು ಹಿಡಿ ತೋರಿಸೋಣಂತ ಭಾನುವಾರ ಬೆಳಿಗ್ಗೆ ತಿಜೋರಿ ತಗದೆ. ಆಗ್ಲೇ ಒಳಗ ಮಾಮೂಲಿ ನೆಲ್ಲಿತ್ತು. ಯಾರು ಬದ್ಲಿ ಮಾಡ್ಯಾರೋ ಗೊತ್ತಿಲ್ಲ. ಅಜ್ಜಗ ಏನಂತ ಮುಖ ತೋರಿಸ್ಲಿ? ಈ ಹುಡುಗಿ ಬಂತು, ನಾತ ಮುಚ್ಚೋ ಕಥಿ ಹೇಳ್ತು. ನನ್ನ ತಪ್ಪು ಮುಚ್ಚಾಕ ಅದ ಸಾಕು ಅನ್ನಿಸ್ತು.”

ಅಜ್ಜ ಎದ್ದ. ಹೊಡೆಯುತ್ತಾನೆ ಎಂದುಕೊಂಡ ತಿಪ್ಪೇಸ್ವಾಮಿ. ಅಜ್ಜ ಚಂದ್ರಣ್ಣನನ್ನು ದಾಟಿಕೊಂಡು ಹೋಗಿ ಮೌನಿಕಾಳ ಮುಂದೆ ನಿಂತು ಎರಡೂ ಕೈ ಜೋಡಿಸಿದ.

“ನಾನೂ ನಂಬಿದ್ನೆವ್ವಾ ಇವನ ಮಾತು. ನನ್ನ ನೆಲ್ಲು ಹ್ವಾದ್ರ ಹೋಗ್ಲಿ. ನೀ ಸೋಮವಾರ ತಲಿ ಎತ್ತಿ ಕೆಲಸಕ್ಕ ಹೋಗು. ಯಾರರ ಏನರ ಅಂದ್ರ ದೇಶನೂರಿನ ಮುದುಕ ಬರ್ತಾನ ಅನ್ನು.”

ಮೌನಿಕಾ ಕೈಯಲ್ಲಿದ್ದ ಜರಡಿಯನ್ನು ಮೇಜಿನ ಮೇಲಿಟ್ಟಳು. ಗಟ್ಟಿಯಾಗಿ ಉಸಿರು ಬಿಟ್ಟಳು. ಹೊಸ್ತಿಲಾಚೆ ರಂಗಣ್ಣ ಹೆಗಲ ಟವೆಲಿನಿಂದ ಕಣ್ಣು ಒರೆಸಿಕೊಂಡ.

ಇಷ್ಟಕ್ಕೇ ಮುಗಿದಿದ್ದರೆ ಎಷ್ಟು ಚಂದ ಇತ್ತು! ತಿಪ್ಪೇಸ್ವಾಮಿ ಜೀಪಿನ ಕೀಲಿಯನ್ನೂ ಕೈಗೆ ತೆಗೆದುಕೊಂಡಿದ್ದ.

ಆದರೆ ಅಕ್ಕ ಕುಂಡದ ಮುಂದೆ, ನೋಯುವ ಮೊಣಕಾಲು ಊರಿ ಕೂತಿದ್ದಳು. “ಅಜ್ಜಾರ, ಇಲ್ಲಿ ಬರ್ರಿ. ಇದೇನು ಹುಲ್ಲೇನು?”

ನಡುವೆ ಬಳ್ಳಿ ಇತ್ತು. ಕುಂಡದ ಅಂಚಿಗೆ ಅಂಟಿಕೊಂಡ ಹಾಗೆ ಸುತ್ತಲೂ ಎಳೆ ಹಸಿರು ಮೊಳಕೆ ಎದ್ದಿದ್ದವು, ಬೆರಳುದ್ದ. ಬಳೆಯೊಂದನ್ನು ಮಣ್ಣಲ್ಲಿ ಊರಿದ ಹಾಗೆ.

ದೊಡ್ಡಬಸಪ್ಪಜ್ಜ ಒಂದನ್ನು ಬೇರು ಸಮೇತ ಕಿತ್ತ. ಬೇರಿಗೆ ಸಿಪ್ಪೆ ಇನ್ನೂ ಅಂಟಿತ್ತು. ಹೊನ್ನಿನ ಬಣ್ಣದ ಕಾಳು, ತುದಿಗೆ ಕರಿ ಚುಕ್ಕೆ. ಎಳೆ ಗರಿಯನ್ನು ಅಂಗೈಯಲ್ಲಿ ಹೊಸಕಿ ಮೂಗಿಗೆ ಹಿಡಿದ. ಮುದುಕನ ಮುಖ ಅರಳಿದ್ದನ್ನು ನೋಡಿ ತಿಪ್ಪೇಸ್ವಾಮಿಗೆ ಯಾವ ಕಥೆಯೂ ನೆನಪಾಗಲಿಲ್ಲ.

“ನನ್ನ ಕೂಸು,” ಎಂದ ಅಜ್ಜ. “ಬದುಕೈತಿ. ಇದು ನಂದ. ಬದುಕೈತೋ!”

“ಭಾನುವಾರ ಬೀಜ ಚೆಲ್ಲಿದ್ರ ಇಷ್ಟು ಎತ್ತರ ಆಕ್ಕಿರ್ಲಿಲ್ಲ,” ಎಂದಳು ಕೊಟ್ರಬಸಮ್ಮ. “ಅದಕ್ಕೂ ಮೊದ್ಲು ಬಿದ್ದೈತಿ. ಈ ಕುಂಡ ಎಲ್ಲಿಂದು?”

“ನಾನ ತಂದಿದ್ದು,” ಎಂದಳು ಮೌನಿಕಾ. “ಭಾನುವಾರ, ಉಡುಗೊರಿ ಅಂತ. ಬಳ್ಳಿ ನೆಟ್ಟಿದ್ದು ಅದಕ್ಕೂ ಎಂಟ್ಹತ್ತು ದಿನ ಮೊದ್ಲ. ಅವತ್ತು ಅಪ್ಪ ಕೆಲಸಕ್ಕ ಹೋಗಿದ್ದ. ಹಿತ್ತಲದಾಗ ಒಂದು ಖಾಲಿ ಬಕೆಟ್ ಬಿದ್ದಿತ್ತು. ಸುಮ್ನ ಯಾಕ ಹಾಳು ಮಾಡೋದಂತ ನಾನ ಮಣ್ಣು ತುಂಬಿ...”

ಅವಳ ಮಾತು ಅಲ್ಲಿಗೇ ನಿಂತಿತು. ಕೊಟ್ರಬಸಮ್ಮ ಬಂಗಾರದ ಕಾಗದ ಹರಿದಿದ್ದಳು.

ಒಳಗೆ ಇದ್ದದ್ದು ಬಣ್ಣದ ಬಕೆಟ್ಟು. ಅಂಚಿನ ತುಂಬ ಒಣಗಿದ ಬಣ್ಣ, ಅದರಲ್ಲಿ ಅಲ್ಲಲ್ಲಿ ಅಂಟಿ ಉಳಿದ ಕರಿ ಚುಕ್ಕೆಯ ಭತ್ತದ ಕಾಳು. ಬದನೆಹೂವಿನ ಬಣ್ಣ. ಈ ಕೋಣೆಯ ಗೋಡೆಯದೇ ಬಣ್ಣ.

ಎಲ್ಲರ ತಲೆ ಹೊಸ್ತಿಲಿನ ಕಡೆ ತಿರುಗಿತು. ರಂಗಣ್ಣ ಓಡಲಿಲ್ಲ. ಮಗಳನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ.

“ಅಪ್ಪಾ?” ಎಂದಳು ಮೌನಿಕಾ. ಅಷ್ಟೇ.

“ಕದ್ದಿಲ್ಲವ್ವಾ,” ಎಂದ ರಂಗಣ್ಣ. “ಜ್ವಾಪಾನ ಮಾಡು ಅಂತ ಕೊಟ್ರು, ಬಕೆಟ್ಟಿನ್ಯಾಗ ಹೊತ್ಕೊಂಡು ಹೋಗಿ ಜ್ವಾಪಾನ ಮಾಡೀನಿ. ಯಾರಿಗೂ ಹೇಳ್ಬ್ಯಾಡ ಅಂದ್ರು, ಹೇಳಿಲ್ಲ. ಗುಲ್ಲು ನಿನ್ನ ಮ್ಯಾಲ ಬಂದಾಗ ನನ್ನ ಜೀವ ಹ್ವಾದಂಗಾತು. ಕೊಟ್ಟ ಮಾತೂ ಉಳೀಬೇಕು, ನಿನ್ನ ಹೆಸರೂ ಉಳೀಬೇಕು. ಅದಕ್ಕ ಈ ಅಕ್ಕಾರ ಕಾಲು ಹಿಡಿದೆ.”

“ಕೊಟ್ಟಾವ್ರು ಯಾರೋ?” ಚಂದ್ರಣ್ಣ ಕಿರುಚಿದ. “ನನ್ನ ತಿಜೋರಿ ಕೀಲಿ ನನ್ನ ಉಡಿದಾರದಾಗ ಇರ್ತೈತಿ! ಯಾರು ತಗೀತಾರ?”

ಶೀಲಾ ಬಾಗಿಲು ಬಿಟ್ಟು ಒಳಗೆ ಬಂದಳು. ನೇರ ಮಂಚದ ಹತ್ತಿರ ಹೋಗಿ ಗಂಡ ಕೆಳಗಿಟ್ಟ ಗ್ಲಾಸನ್ನು ಎತ್ತಿಕೊಂಡಳು. ಉಂಗುರದ ಬೆರಳು ಅದ್ದಿ ನೆಲಕ್ಕೆ ಮೂರು ಹನಿ ಚಿಮುಕಿಸಿದಳು, ಥೇಟು ಗಂಡನ ಹಾಗೆ. ಸೆರಗು ತಲೆಯ ಮೇಲೆ ಎಳೆದುಕೊಂಡು ಒಂದೇ ಗುಟುಕಿಗೆ ಗ್ಲಾಸು ಖಾಲಿ ಮಾಡಿದಳು.

ಬೆಳಗಿನಿಂದ ಆ ಪಾನೀಯದ ಒಂದು ಹನಿಗೆ ಬಾಯಿ ಬಿಡುತ್ತಿದ್ದ ತಿಪ್ಪೇಸ್ವಾಮಿ ಈಗ 'ಆಂ' ಎಂದು ಬಾಯಿ ಬಿಟ್ಟದ್ದೇ ಬಿಟ್ಟದ್ದು, ಮುಚ್ಚಲೇ ಇಲ್ಲ.

“ನಿಮ್ಮ ಉಡಿದಾರ ಸ್ನಾನಕ್ಕ ಹೋಗುವಾಗ ಗೂಟದ ಮ್ಯಾಲ ಇರ್ತೈತಿ,” ಎಂದಳು ಶೀಲಾ. ಅವಳ ದನಿ ಐಸಿಗೆ ಬಿದ್ದ ಜೇನಿನ ಹಾಗೆ ತಣ್ಣಗೆ, ಗಟ್ಟಿ. “ಅಜ್ಜಾರ, ನಿಮ್ಮ ಬೀಜ ಕುರುಗೋಡಿನಾಗ ಸುರಕ್ಷಿತ ಐತಿ. ಕಾಲುವಿಗೆ ನೀರು ಬಂದ ದಿನ ಕೊಡ್ಬೇಕಂತಿದ್ದೆ. ಮೌನಿಕಾ, ತಂಗೀ, ಇಷ್ಟು ದೂರ ಹೋಗ್ತೈತಂತ ನಂಗ ಗೊತ್ತಿರ್ಲಿಲ್ಲ. ನಿನ್ನ ಮುಂದ ನಾ ತಪ್ಪುಗಾರ್ತಿ. ಆದ್ರ ಆ ಕಂಪನಿಯಾವ ಹೋದ ತಿಂಗಳ ನಮ್ಮನಿ ಕಟ್ಟಿ ಮ್ಯಾಲ ನಿಂತು ಫೋನಿನ್ಯಾಗ ಮಾತಾಡಿದ್ದು ನನ್ನ ಕಿವಿಗೆ ಬಿತ್ತು. ಅವಗ ಈ ನೆಲ್ಲು ಬಿತ್ತಾಕ ಬ್ಯಾಡ. ಎಲ್ಲೂ ಯಾರೂ ಬಿತ್ತದಂಗ ಮಾಡಾಕ ಬೇಕು. ಸುಟ್ಟು ಹಾಕಾಕ.”

“ಯಾರವ್ವಾ ಅವ? ಎಲ್ಲಿ ಅದಾನ?” ಎಂದಳು ಕೊಟ್ರಬಸಮ್ಮ.

“ಇಲ್ಲೇ. ಕೆಳಗ ಊಟಕ್ಕ ಕುಂತಾನ. ಕುರುಗೋಡು ಅಂತ ನಾ ಜೋರಾಗಿ ಅಂದ್ನೇನು?”

ಆಗ ಕೇಳಿತು ಸದ್ದು. ಆ ಮನೆಯಲ್ಲಿ ಯಾರೂ ಹೊಸ್ತಿಲೊಳಗೆ ಚಪ್ಪಲಿ ಮೆಟ್ಟುವುದಿಲ್ಲ. ಕೆಳಗೆ ಯಾರೋ ಬೂಟು ಹಾಕಿಕೊಂಡು ನಡೆಯುತ್ತಿದ್ದರು. ಆ ನಡಿಗೆ ಹೊರಬಾಗಿಲಿನ ಕಡೆ ಹೋಗುತ್ತಿರಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು.

ದೊಡ್ಡಬಸಪ್ಪಜ್ಜ ಬಕೆಟ್ಟನ್ನು ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡ. ಮೌನಿಕಾ ಬಾಗಿಲಿಗೆ ಹೋಗಿ, ಖಾಲಿ ಟಿಫಿನ್ ಡಬ್ಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಬೀಜ ಎಲ್ಲಿದೆ ಎಂದು ಬಲ್ಲ ಅಪ್ಪನ ಮುಂದೆ ನಿಂತಳು.